ಐವತ್ತು ಗ್ರಾಂ ಒಳಗೆ: ಹಳೇ ನಾಣ್ಯ, ಅಂಚೆಚೀಟಿಗಳನ್ನು ಆನ್‌ಲೈನ್‌ನಲ್ಲಿ ಮಾರುವವರಿಗೆ

ನಲವತ್ತು ರೂಪಾಯಿಯ ಒಂದು ಫಸ್ಟ್ ಡೇ ಕವರ್, ಅಂದರೆ ಹೊಸ ಅಂಚೆಚೀಟಿ ಬಿಡುಗಡೆಯಾದ ದಿನದ ಮುದ್ರೆ ಒತ್ತಿದ ಕವರು. ಅದನ್ನು ಮೈಸೂರಿನಿಂದ ಪುಣೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಲು ಐವತ್ತೈದು ರೂಪಾಯಿ ಚಿಲ್ಲರೆ. "ಇದೇನ್ ಸರ್, ಸಾಮಾನಿಗಿಂತ ಪೋಸ್ಟೇಜೇ ಜಾಸ್ತಿ ಆಯ್ತಲ್ಲ?" ಎಂದು ಕೊಳ್ಳುವವರು ಕೇಳುತ್ತಾರೆ. ಅವರು ಕೇಳುವುದು ಸರಿ. ನಿಮ್ಮ ಲೆಕ್ಕವೂ ಸರಿ. ಆದರೂ ವ್ಯಾಪಾರ ಮುರಿದುಬೀಳುತ್ತದೆ, ಇಲ್ಲಾ ಕುದುರಿದ ಮೇಲೆ ಒಂದು ಸ್ಟಾರ್ ಬೀಳುತ್ತದೆ.

ನಾಣ್ಯ, ಅಂಚೆಚೀಟಿ, ಬೆಂಕಿಪೊಟ್ಟಣದ ಲೇಬಲ್, ಹಳೇ ಸೋಪಿನ ಡಬ್ಬ, ಜಾವಾ ಬೈಕಿನ ಬ್ಯಾಡ್ಜ್ ಇಂಥವನ್ನು ಮನೆಯಿಂದ ಮಾರುವವರಿಗೆ ಇರುವ ಗೋಳು ಮುಖ್ಯವಾಗಿ ಎರಡು. ಒಂದು ಅಂಚೆ ಖರ್ಚು, ಇನ್ನೊಂದು ಕೊಂಡವರು ಬರೆಯುವ ರಿವ್ಯೂ. ನಾನು ನೋಡಿದ ಮಟ್ಟಿಗೆ ಎರಡಕ್ಕೂ ಬೇರು ಒಂದೇ ಕಡೆ ಇರುತ್ತದೆ. ಪ್ಯಾಕೆಟ್ ಮನೆ ಬಿಡುವ ಮೊದಲೇ ಎಡವಟ್ಟು ಆಗಿರುತ್ತದೆ. ತೂಕ ನೋಡದೆ ಬೆಲೆ ಹಾಕಿರುತ್ತಾರೆ, ಅಥವಾ ವಿವರಣೆಯಲ್ಲಿ ಹೇಳಲೇಬೇಕಾದ ಒಂದು ಮಾತು ಬಿಟ್ಟಿರುತ್ತಾರೆ. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಪೋಸ್ಟ್ ಆಫೀಸಿಗೆ ಹೋಗುವ ಮುಂಚಿನ ಕೆಲಸದ ಬಗ್ಗೆಯೇ ಇದೆ.

1. ಮಾರಬಹುದಾದದ್ದೇ ಅಂತ ಮೊದಲು ನೋಡಿ

ನಮ್ಮ ಕಡೆ ಹಳೇ ಮನೆಗಳ ಪೆಟ್ಟಿಗೆಯಲ್ಲಿ ಟಿಪ್ಪು ಕಾಲದ ಆನೆ ಚಿತ್ರದ ತಾಮ್ರದ ಕಾಸು ಸಿಗುವುದು ಅಪರೂಪವೇನಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸುಗಳೂ ಸಿಗುತ್ತವೆ. ಸಿಕ್ಕ ತಕ್ಷಣ ಫೋಟೋ ತೆಗೆದು ಹಾಕಬೇಡಿ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಚಿತ್ರಗಳೆಲ್ಲ ಪ್ರಾಚ್ಯವಸ್ತು. ಹಸ್ತಪ್ರತಿಗಳಿಗೆ ಎಪ್ಪತ್ತೈದು ವರ್ಷ ಸಾಕು. ಇವುಗಳ ವ್ಯಾಪಾರ ಮಾಡಲು ಪರವಾನಗಿ ಬೇಕು. ಹೊರದೇಶಕ್ಕಂತೂ ಖಾಸಗಿಯವರು ಕಳಿಸುವ ಹಾಗೇ ಇಲ್ಲ. ಈ ನೂರು ವರ್ಷದ ಗೆರೆ ವರ್ಷವರ್ಷವೂ ಮುಂದೆ ಸರಿಯುತ್ತದೆ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ. ಐದನೇ ಜಾರ್ಜ್ ತಲೆಯಿರುವ, 1911ರಿಂದ 1922ರವರೆಗಿನ ಬೆಳ್ಳಿ ರೂಪಾಯಿಗಳೆಲ್ಲ ಈಗ ಗೆರೆಯ ಆಚೆ ಇವೆ.

ಮನೆಯಿಂದ ಶುರು ಮಾಡುವವರಿಗೆ ಸ್ವಾತಂತ್ರ್ಯಾನಂತರದ ವಸ್ತುಗಳೇ ಸಲೀಸು. ಸ್ಮರಣಾರ್ಥ ನಾಣ್ಯ, ಅಂಚೆಚೀಟಿ, ದಸರಾ ವಸ್ತುಪ್ರದರ್ಶನದ ಹಳೇ ಕರಪತ್ರ, ಗಂಧದ ಸೋಪಿನ ಹಳೇ ಡಬ್ಬ ಹೀಗೆ ಬೇಕಾದಷ್ಟಿವೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿಂದ ಹೊರಬಂದ ಗಾಡಿಗಳ ಕೈಪಿಡಿ, ಬ್ಯಾಡ್ಜ್, ಜಾಹೀರಾತಿನ ಹಾಳೆಗಳಿಗೆ ಬೇರೆ ರಾಜ್ಯಗಳಲ್ಲೂ ಹುಡುಕಾಟ ನಡೆದೇ ಇದೆ.

ಇನ್ನೊಂದು ಎಚ್ಚರಿಕೆ. "ನಿಮ್ಮ ಹಳೇ ಐದು ರೂಪಾಯಿ ನೋಟಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ರಿಸರ್ವ್ ಬ್ಯಾಂಕ್ ಕಮಿಷನ್ ಮೊದಲು ಕಟ್ಟಿ" ಎಂದು ಯಾರಾದರೂ ಹೇಳಿದರೆ ಫೋನ್ ಇಟ್ಟುಬಿಡಿ. ಇಂಥ ವ್ಯವಹಾರಕ್ಕೂ ತನಗೂ ಸಂಬಂಧವಿಲ್ಲ, ಯಾವ ಕಮಿಷನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಪ್ರಕಟಣೆ ಕೊಟ್ಟಿದೆ.

2. ಮೊದಲು ತೂಕ, ಆಮೇಲೆ ಬೆಲೆ

ಅಡುಗೆಮನೆಗೆ ಬಳಸುವ ಡಿಜಿಟಲ್ ತಕ್ಕಡಿ ಒಂದಿದ್ದರೆ ಸಾಕು. ಒಂದೊಂದು ಗ್ರಾಂ ತೋರಿಸಬೇಕು, ಅಷ್ಟೇ. ವಸ್ತುವನ್ನು ಮಾತ್ರ ತೂಗಬೇಡಿ. ನಾಣ್ಯ ಇಡುವ ಹೋಲ್ಡರ್, ರಟ್ಟು, ಬಬಲ್ ರ‍್ಯಾಪ್, ಟೇಪು, ಕವರು, ವಿಳಾಸದ ಚೀಟಿ ಎಲ್ಲ ಸೇರಿಸಿ ತೂಗಿ. ಕೌಂಟರಿನಲ್ಲಿ ತೂಗುವುದೂ ಹಾಗೇ.

ಇಷ್ಟು ಪಟ್ಟು ಹಿಡಿದು ಹೇಳಲು ಕಾರಣ ಇದೆ. ರಿಜಿಸ್ಟರ್ಡ್ ಪೋಸ್ಟ್ ಅನ್ನುವ ನಮ್ಮ ಹಳೇ ಆಸರೆ ಈಗ ಬೇರೆಯಾಗಿ ಉಳಿದಿಲ್ಲ. 2025ರಲ್ಲಿ ಅದನ್ನು ಸ್ಪೀಡ್ ಪೋಸ್ಟ್ ಜೊತೆ ಸೇರಿಸಿದರು. ಅದೇ ವರ್ಷ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್ ದರವೂ ಬದಲಾಯಿತು. 2012ರಿಂದ ಮುಟ್ಟದೇ ಇದ್ದ ದರ ಅದು. ಅವತ್ತಿನ ಪಟ್ಟಿಯ ಪ್ರಕಾರ ಲೆಕ್ಕ ಹೀಗಿದೆ:

50 ಗ್ರಾಂವರೆಗೆ: ಊರೊಳಗೆ 19 ರೂಪಾಯಿ, ಊರಾಚೆ ದೇಶದ ಯಾವ ಮೂಲೆಗಾದರೂ 47 ರೂಪಾಯಿ.

51ರಿಂದ 250 ಗ್ರಾಂ: ಊರೊಳಗೆ 24. ಊರಾಚೆ 200 ಕಿ.ಮೀ. ಒಳಗೆ 59, 500ರೊಳಗೆ 63, 1000ದೊಳಗೆ 68, 2000ದೊಳಗೆ 72, ಅದರಾಚೆ 77.

251ರಿಂದ 500 ಗ್ರಾಂ: ಊರೊಳಗೆ 28. ಊರಾಚೆ ಅದೇ ದೂರಗಳಿಗೆ 70, 75, 82, 86, 93.

ಇದರ ಮೇಲೆ ಶೇ. 18 ಜಿಎಸ್‌ಟಿ. ವಿಳಾಸದಾರರ ಕೈಗೇ ಕೊಡಬೇಕೆಂದು ನೋಂದಣಿ ಮಾಡಿಸಿದರೆ ಇನ್ನು 5 ರೂಪಾಯಿ, ಒಟಿಪಿ ಹೇಳಿದ ಮೇಲೆ ಕೊಡುವ ಸೌಲಭ್ಯಕ್ಕೆ 5 ರೂಪಾಯಿ. ಇವೆರಡಕ್ಕೂ ತೆರಿಗೆ ಉಂಟು. ದರ ಮತ್ತೆ ಬದಲಾಗಬಹುದು, ಮಾರಾಟಕ್ಕೆ ಹಾಕುವ ಮುಂಚೆ ಒಮ್ಮೆ ಕೌಂಟರಿನಲ್ಲಿ ವಿಚಾರಿಸಿ.

ಈ ಪಟ್ಟಿಯಲ್ಲಿ ನಮ್ಮಂಥವರಿಗೆ ಮುಖ್ಯವಾದದ್ದು ಮೊದಲ ಸಾಲು. ಐವತ್ತು ಗ್ರಾಂ ಒಳಗಿದ್ದರೆ ದೂರದ ಲೆಕ್ಕವೇ ಇಲ್ಲ. ಹುಬ್ಬಳ್ಳಿಗೂ ತೆರಿಗೆ ಸೇರಿ 55 ರೂಪಾಯಿ 46 ಪೈಸೆ, ಗುವಾಹಟಿಗೂ ಅಷ್ಟೇ. ಅದೇ ಪ್ಯಾಕೆಟ್ ಐವತ್ತೊಂದು ಗ್ರಾಂ ಆಯಿತು ಅಂದುಕೊಳ್ಳಿ. ಗುವಾಹಟಿಗೆ 90 ರೂಪಾಯಿ 86 ಪೈಸೆ. ಒಂದು ಗ್ರಾಂಗೆ ಮೂವತ್ತೈದು ರೂಪಾಯಿ ಕೈ ಬಿಟ್ಟಿತು. ಎಷ್ಟೋ ಸಲ ಆ ಒಂದು ಗ್ರಾಂ ಸುಮ್ನೆ ಸುತ್ತಿದ ಕಂದು ಟೇಪಿನದ್ದೇ ಆಗಿರುತ್ತದೆ.

ಹಳೇ ಬೆಳ್ಳಿ ರೂಪಾಯಿ ಒಂದು 11.66 ಗ್ರಾಂ ತೂಗುತ್ತದೆ. ತಾಮ್ರ-ನಿಕಲ್ ಬೆರೆತ ಹಳೇ ದಪ್ಪ ಐದು ರೂಪಾಯಿ ನಾಣ್ಯ 9 ಗ್ರಾಂ. ಅಂದರೆ ತೆಳು ರಟ್ಟು, ಹಗುರ ಕವರು ಬಳಸಿದರೆ ಐದು ರೂಪಾಯಿಯ ಎರಡು ನಾಣ್ಯವನ್ನು ಐವತ್ತರ ಒಳಗೆ ಆರಾಮಾಗಿ ಕಳಿಸಬಹುದು. ನಾಲ್ಕಾದರೆ ಕಷ್ಟ. ಅದು ಹೇಗೂ ಮುಂದಿನ ಹಂತಕ್ಕೆ ಹೋಗುವುದಾದರೆ ಆ ಹಂತವನ್ನು ಪೂರ್ತಿ ಬಳಸಿಕೊಳ್ಳಿ. 250 ಗ್ರಾಂನಲ್ಲಿ ಹದಿನೈದು ನಾಣ್ಯ ಹಾಕಿದರೂ ಪ್ಯಾಕಿಂಗ್‌ಗೆ ಜಾಗ ಉಳಿಯುತ್ತದೆ.

ದೊಡ್ಡ ಆಕಾರದ ಹಗುರ ವಸ್ತುಗಳ ಕತೆ ಬೇರೆ. ಖಾಸಗಿ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ, ಸಾಮಾನ್ಯವಾಗಿ 5000ದಿಂದ ಭಾಗಿಸಿ ಕಿಲೋ ಲೆಕ್ಕ ಹಿಡಿಯುತ್ತಾರೆ. ಇದು ನಿಜವಾದ ತೂಕಕ್ಕಿಂತ ಹೆಚ್ಚಿದ್ದರೆ ಇದಕ್ಕೇ ದುಡ್ಡು. 30, 20, 10 ಸೆಂ.ಮೀ. ಇರುವ ಪೆಟ್ಟಿಗೆಯೊಳಗೆ ಖಾಲಿ ತಗಡಿನ ಡಬ್ಬ ಇಟ್ಟರೂ ಅದು 1.2 ಕಿಲೋ. ಗ್ರಾಮಫೋನ್ ತಟ್ಟೆಗೂ ಇದೇ ಪಾಡು. ಇಂಥವನ್ನು ಕೈಗೆ ಸಿಕ್ಕಿದ ದೊಡ್ಡ ಪೆಟ್ಟಿಗೆಯಲ್ಲಿ ತುಂಬಬೇಡಿ, ಅಳತೆಗೆ ತಕ್ಕ ಹಾಗೆ ರಟ್ಟು ಕತ್ತರಿಸಿ ಮಾಡಿಕೊಳ್ಳಿ.

3. ಖರ್ಚನ್ನು ಹೇಗೆ ಹೇಳುವುದು

"ಫ್ರೀ ಶಿಪ್ಪಿಂಗ್" ಎಂದು ಬರೆದು ಬೆಲೆಯಲ್ಲೇ ಅಂಚೆ ಸೇರಿಸುವವರಿದ್ದಾರೆ. ಐನೂರು ರೂಪಾಯಿ ಮೇಲಿನ ವಸ್ತುವಿಗೆ ಇದು ಪರವಾಗಿಲ್ಲ. ಕಾಸಿಗೊಂದು ಕೊಸರಿಗೆರಡು ಅನ್ನುವಂಥ ಲೇಬಲ್, ಬಳಸಿದ ಅಂಚೆಚೀಟಿಗಳಿಗೆ ನನಗೆ ಒಪ್ಪಿಗೆಯಿಲ್ಲ. ಇಪ್ಪತ್ತು ರೂಪಾಯಿಯ ಚೀಟಿಗೆ ಎಂಬತ್ತು ಹಾಕಿದರೆ ಬೆಲೆ ಗೊತ್ತಿದ್ದವರು ತಿರುಗಿಯೂ ನೋಡುವುದಿಲ್ಲ.

ಇನ್ನು ಕೆಲವರು ಅಂಚೆ ಖರ್ಚಿನಲ್ಲೇ ಲಾಭ ಇಟ್ಟುಕೊಳ್ಳುತ್ತಾರೆ. ಇದು ಬಯಲಾಗದೆ ಇರುವುದಿಲ್ಲ. ಬುಕಿಂಗ್ ಚೀಟಿಯಲ್ಲಿ ಎಷ್ಟು ಕಟ್ಟಿದ್ದೀರಿ ಅನ್ನುವುದು ಅಚ್ಚಾಗಿರುತ್ತದೆ. ನೂರು ರೂಪಾಯಿ ಕೊಟ್ಟವರ ಕೈಗೆ ಐವತ್ತೈದು ಎಂದು ಬರೆದ ಕವರು ಸೇರಿದರೆ ಒಳಗಿನ ನಾಣ್ಯ ಎಷ್ಟೇ ಚೆನ್ನಾಗಿದ್ದರೂ ಮನಸ್ಸು ಕೆಡುತ್ತದೆ. ಒಂದು ಸ್ಟಾರಿನ ರಿವ್ಯೂಗಳಲ್ಲಿ ಈ ಜಾತಿಯವೇ ಬಹಳ ಕಣ್ಣಿಗೆ ಬೀಳುತ್ತವೆ.

ಬಿಡಿಸಿ ಬರೆಯುವುದು ಒಳ್ಳೆಯದು. ಮಾದರಿ ಇಲ್ಲಿದೆ:

"ನಾಣ್ಯ 120. ಸ್ಪೀಡ್ ಪೋಸ್ಟ್ 56. ಹೋಲ್ಡರ್, ಕವರ್ ಇತ್ಯಾದಿಗೆ 10. ಒಟ್ಟು 186. ಇನ್ನೊಂದು ನಾಣ್ಯ ಸೇರಿಸಿದರೂ ಅಂಚೆ ಖರ್ಚು ಇಷ್ಟೇ."

ಕೊನೆಯ ವಾಕ್ಯ ಬಿಡಬೇಡಿ. ಪೋಸ್ಟೇಜ್ ನೋಡಿ ಹಿಂದೇಟು ಹಾಕುವವರು ಅದೇ ಪೋಸ್ಟೇಜಿನಲ್ಲಿ ಇನ್ನೊಂದು ಬರುತ್ತದೆ ಎಂದರೆ ಪಟ್ಟಿ ಕೇಳುತ್ತಾರೆ. ಬಿಡಿಯಾಗಿ ಮಾರಲಾಗದ ಅಗ್ಗದ ಚೀಟಿಗಳನ್ನು ಒಂದು ವಿಷಯಕ್ಕೆ ಸೇರಿಸಿ ಇಪ್ಪತ್ತು, ಮೂವತ್ತರ ಕಟ್ಟು ಮಾಡಿ. ಹಕ್ಕಿ, ರೈಲು, ಕನ್ನಡದ ಸಾಹಿತಿಗಳು, ಹೀಗೆ. ಕೆಲವರು "ಈಗಲೇ ಕಳಿಸಬೇಡಿ, ತಿಂಗಳ ಕೊನೆಗೆ ಎಲ್ಲ ಒಟ್ಟಿಗೆ" ಎನ್ನುತ್ತಾರೆ. ಒಪ್ಪಿಕೊಳ್ಳಿ, ಆದರೆ ದುಡ್ಡು ಆಯಾ ದಿನವೇ ಬರಲಿ. ಹೆಸರು ಬರೆದ ಒಂದು ಕವರಿನಲ್ಲಿ ಅವರ ಸಾಮಾನು ಬೇರೆ ಇಡಿ.

ಇಪ್ಪತ್ತು ಗ್ರಾಂವರೆಗಿನ ಸಾದಾ ಕಾಗದಕ್ಕೆ ಐದೇ ರೂಪಾಯಿ ಅಂಚೆಚೀಟಿ ಸಾಕು. ನಾಲ್ಕಾರು ಬಳಸಿದ ಅಂಚೆಚೀಟಿಗೆ ಈ ದಾರಿ ಇದೆ. ಟ್ರ್ಯಾಕಿಂಗ್ ಇಲ್ಲ, ಕಳೆದರೆ ಕೇಳುವ ಹಾಗಿಲ್ಲ. ಕೊಳ್ಳುವವರೇ ಆರಿಸಿಕೊಳ್ಳಲಿ. "ಸಾದಾ ಅಂಚೆ ಸಾಕು ಸರ್, ಕಳೆದರೆ ನನ್ನ ಜವಾಬ್ದಾರಿ" ಎಂದು ಅವರು ಬರೆದ ಮೆಸೇಜ್ ಅಳಿಸಬೇಡಿ.

ಕೊಳ್ಳುವವರು ಮೈಸೂರಿನವರೇ ಆಗಿದ್ದರೆ ಐವತ್ತು ಗ್ರಾಂಗೆ ತೆರಿಗೆ ಸೇರಿ ಇಪ್ಪತ್ತೆರಡೂವರೆ ರೂಪಾಯಿಯಲ್ಲಿ ಮುಗಿಯುತ್ತದೆ. ಮಂಡ್ಯ ಪಕ್ಕದಲ್ಲೇ ಇದ್ದರೂ ಅಂಚೆಯವರ ಲೆಕ್ಕಕ್ಕೆ ಅದು ಹೊರಗಿನ ಊರು. ದಿನಾ ರೈಲಿನಲ್ಲಿ ಓಡಾಡುವ ಪರಿಚಯದವರ ಕೈಲಿ ಕೊಟ್ಟು ಕಳಿಸುವ ರೂಢಿ ನಮ್ಮಲ್ಲಿದೆ. ಕೊಡಿ, ಆದರೆ ಕೊಟ್ಟದ್ದರ ಫೋಟೋ ತೆಗೆದುಕೊಂಡು ಕೊಡಿ.

4. ವಿವರಣೆ: ಇದ್ದದ್ದು ಇದ್ದ ಹಾಗೆ

ನಾಣ್ಯದ ಎರಡೂ ಮುಖ, ಜೊತೆಗೆ ಅಂಚು, ಈ ಮೂರೂ ಫೋಟೋ ಬೇಕು. ಹಗಲು ಬೆಳಕಿನಲ್ಲಿ, ಕಿಟಕಿ ಹತ್ತಿರ ತೆಗೆಯಿರಿ. ಪಕ್ಕದಲ್ಲಿ ಅಳತೆಪಟ್ಟಿ ಇರಲಿ. ಫಿಲ್ಟರ್ ಹಾಕಿ ಹೊಳಪು ಬರಿಸಬೇಡಿ. ನಾಣ್ಯವನ್ನು ಹುಣಸೆಹಣ್ಣು ಹಾಕಿ ಉಜ್ಜುವುದಂತೂ ಬೇಡವೇ ಬೇಡ. ಪೂಜೆ ಸಾಮಾನು ಬೆಳಗಿದ ಹಾಗೆ ಬೆಳಗಿದರೆ ಸಂಗ್ರಾಹಕರ ಕಣ್ಣಲ್ಲಿ ಅದರ ಬೆಲೆ ಹೋಯಿತು. ಮೊದಲೇ ಯಾರೋ ಉಜ್ಜಿದ್ದರೆ "ಹಿಂದೆ ಸ್ವಚ್ಛ ಮಾಡಿದ್ದು" ಎಂದು ಬರೆಯಿರಿ.

ಬೆಳ್ಳಿ ಎಂದು ಬರೆಯುವಾಗ ಇಸವಿ ನೋಡಿ. ಬ್ರಿಟಿಷ್ ಕಾಲದ ರೂಪಾಯಿಯಲ್ಲಿ 1939ರವರೆಗೆ ನೂರಕ್ಕೆ 91.7 ಪಾಲು ಬೆಳ್ಳಿ. 1940ರಿಂದ 1945ರವರೆಗಿನದರಲ್ಲಿ ಅರ್ಧ ಮಾತ್ರ. 1947ರದ್ದು ನಿಕಲ್, ಬೆಳ್ಳಿ ಒಂದು ಚೂರೂ ಇಲ್ಲ. ಬಣ್ಣ ಬೆಳ್ಳಿಯ ಥರವೇ ಕಾಣುವುದರಿಂದ 1947ರ ಹುಲಿ ಚಿತ್ರದ ರೂಪಾಯಿಯನ್ನು ಬೆಳ್ಳಿ ಎಂದು ಮಾರುವವರು ಈಗಲೂ ಇದ್ದಾರೆ. ಅಂಥ ಒಂದು ವಿವರಣೆ ಸಾಕು, ನಿಮ್ಮ ಹೆಸರು ಎಲ್ಲ ಗ್ರೂಪುಗಳಲ್ಲಿ ಓಡಾಡಲು.

ಅಂಚೆಚೀಟಿಗೆ ಹಿಂಭಾಗದ ಫೋಟೋ ಕಡ್ಡಾಯ. ಗೋಂದು ಪೂರ್ತಿ ಇದೆಯಾ, ಆಲ್ಬಮ್ಮಿಗೆ ಅಂಟಿಸಿದ ಗುರುತು ಇದೆಯಾ, ಅಂಚಿನ ಹಲ್ಲು ಮುರಿದಿದೆಯಾ, ಕಂದು ಚುಕ್ಕೆ ಬಂದಿದೆಯಾ? ಮಳೆಗಾಲ ಕಂಡ ಚೀಟಿಗಳಲ್ಲಿ ಕಂದು ಚುಕ್ಕೆ ಇದ್ದೇ ಇರುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಮುಚ್ಚಿಟ್ಟರೆ ಮಾತ್ರ ತೊಂದರೆ. ಜಾವಾ, ಯೆಜ್ಡಿ ಬೈಕುಗಳ ಬ್ಯಾಡ್ಜ್‌ಗಳಲ್ಲಿ ಹೊಸದಾಗಿ ಮಾಡಿಸಿದ್ದು ಬೇಕಾದಷ್ಟು ಓಡುತ್ತಿದೆ. ಮೂಲದ್ದೋ ಹೊಸದೋ ನಿಮಗೇ ಗ್ಯಾರಂಟಿ ಇಲ್ಲದಿದ್ದರೆ "ಮೂಲದ್ದು ಎಂದು ಖಾತ್ರಿ ಕೊಡಲಾರೆ" ಎಂದೇ ಬರೆಯಿರಿ. ಬೆಲೆ ಕಡಿಮೆ ಬರುತ್ತದೆ, ನಿಜ. ವಾಪಸ್ ಬರುವ ಪಾರ್ಸೆಲ್‌ನ ಖರ್ಚು ಅದಕ್ಕಿಂತ ಹೆಚ್ಚು.

5. ದುಡ್ಡು, ಪ್ಯಾಕಿಂಗ್, ಕೌಂಟರ್

ದುಡ್ಡು ಬಂತು ಎನ್ನುವುದಕ್ಕೆ ಸ್ಕ್ರೀನ್‌ಶಾಟ್ ಸಾಕ್ಷಿಯಲ್ಲ. ನಿಮ್ಮ ಬ್ಯಾಂಕ್ ಖಾತೆ ತೆರೆದು ನೋಡಿ. ದುಡ್ಡು ಪಡೆಯಲು ಯುಪಿಐ ಪಿನ್ ಹಾಕಬೇಕಾಗಿಲ್ಲ. ಹಾಕಿ ಎಂದು ಯಾರಾದರೂ ಹೇಳಿದರೆ ಅವರು ಕೊಳ್ಳಲು ಬಂದವರಲ್ಲ.

ನಾಣ್ಯ ಕವರಿನೊಳಗೆ ಅಲುಗಾಡಬಾರದು. ಹೋಲ್ಡರಿಗೆ ಹಾಕಿ, ಎರಡು ರಟ್ಟಿನ ನಡುವೆ ಇಟ್ಟು, ನಾಲ್ಕೂ ಕಡೆ ಟೇಪು ಹಾಕಿ. ಟೇಪು ನಾಣ್ಯಕ್ಕೆ ತಾಗಬಾರದು. ಅಲುಗಾಡುವ ನಾಣ್ಯ ಯಂತ್ರದಲ್ಲಿ ಸಿಕ್ಕಿ ಕವರು ಹರಿಯುತ್ತದೆ, ಜೊತೆಗೆ "ಒಳಗೆ ದುಡ್ಡಿದೆ" ಎಂದು ಮುಟ್ಟಿದವರಿಗೆಲ್ಲ ಗೊತ್ತಾಗುತ್ತದೆ. ಮೆತ್ತಗಿನ ಪಿವಿಸಿ ಪಾಕೀಟಿನಲ್ಲಿ ಹೆಚ್ಚು ದಿನ ಇಡಬೇಡಿ, ಹಸಿರು ಅಂಟು ಬಿಡುತ್ತದೆ. ಅಂಚೆಚೀಟಿಯನ್ನು ನುಣುಪು ಕಾಗದದ ಪಾಕೀಟಿಗೆ ಹಾಕಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಮೇಲೊಂದು ಪ್ಲಾಸ್ಟಿಕ್ ಕವರು ಇರಲಿ. ರಟ್ಟಿಗೆ ದುಡ್ಡು ಕೊಡಬೇಡಿ. ಮದುವೆ ಆಮಂತ್ರಣ ಪತ್ರಿಕೆಯಷ್ಟು ಒಳ್ಳೆಯ ರಟ್ಟು ಎಲ್ಲೂ ಸಿಗುವುದಿಲ್ಲ, ಹಗುರ ಕೂಡ.

ಸಾವಿರ ದಾಟಿದ ವಸ್ತುವಾದರೆ ಪ್ಯಾಕ್ ಮಾಡುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಿ. ತೆರೆಯುವಾಗ ಅವರೂ ಮಾಡಲಿ, ಇದನ್ನು ಮೊದಲೇ ಹೇಳಿ. ವಿಮೆಯ ಬಗ್ಗೆ ಕೌಂಟರಿನಲ್ಲಿ ಕೇಳಿ. ವಿಮೆ ಇಲ್ಲದ ಸ್ಪೀಡ್ ಪೋಸ್ಟ್ ಕಳೆದರೆ, ಮೊದಲಿನಿಂದ ನಡೆದುಬಂದ ನಿಯಮದಂತೆ, ಕಟ್ಟಿದ ಅಂಚೆ ಖರ್ಚಿನ ಎರಡರಷ್ಟು ಅಥವಾ ಸಾವಿರ ರೂಪಾಯಿ, ಯಾವುದು ಕಡಿಮೆಯೋ ಅಷ್ಟು ಪರಿಹಾರ. ಅಂದರೆ ಮೂರು ಸಾವಿರದ ನಾಣ್ಯ ಹೋದರೆ ನೂರು ಚಿಲ್ಲರೆ ಕೈಗೆ ಬರುತ್ತದೆ.

ರಸೀದಿಯಲ್ಲಿ 'ಇ'ಯಿಂದ ಶುರುವಾಗಿ 'ಐಎನ್'ನಿಂದ ಮುಗಿಯುವ ಹದಿಮೂರು ಅಕ್ಷರ-ಅಂಕಿಗಳ ನಂಬರ್ ಇರುತ್ತದೆ. ಕೌಂಟರ್ ಬಿಡುವ ಮುಂಚೆಯೇ ಪಿನ್‌ಕೋಡ್ ಸರಿಯಾಗಿ ಹೊಡೆದಿದ್ದಾರಾ ನೋಡಿ. ನಂಬರಿನ ಫೋಟೋ ಅಲ್ಲಿಂದಲೇ ಕಳಿಸಿಬಿಡಿ. ಮನೆಗೆ ಬಂದು ಕಾಫಿ ಕುಡಿದು ಕಳಿಸೋಣ ಅಂದರೆ ಅಷ್ಟರಲ್ಲಿ "ಕಳಿಸಿದ್ರಾ?" ಎಂದು ಎರಡು ಮೆಸೇಜ್ ಬಂದಿರುತ್ತದೆ.

6. ರಿವ್ಯೂ

2018ರ ಆಗಸ್ಟ್‌ನಲ್ಲಿ ಆನ್‌ಲೈನ್ ಮಾರುಕಟ್ಟೆಯಾದ ಇಬೇಯ ಭಾರತದ ತಾಣ ಮುಚ್ಚಿತು. ಆಮೇಲೆ ವ್ಯಾಪಾರದ ದೊಡ್ಡ ಪಾಲು ಫೇಸ್‌ಬುಕ್, ವಾಟ್ಸಾಪ್ ಗ್ರೂಪುಗಳಿಗೆ ಬಂತು. ಅಲ್ಲಿ ಸ್ಟಾರ್ ಇಲ್ಲ, ಮಾತು ಇದೆ. "ಇವರ ಹತ್ರ ತಗೊಂಡೆ, ಚೆನ್ನಾಗಿತ್ತು" ಅನ್ನುವ ಒಂದು ಸಾಲು, ಇಲ್ಲವೇ "ಹುಷಾರು" ಅನ್ನುವ ಒಂದು ಸಾಲು. ಇಬೇಯ ಜಾಗತಿಕ ತಾಣದಲ್ಲಿ ಈಗಲೂ ಮಾರುವವರು ಗಮನಿಸಿ: 2008ರಿಂದ ಅಲ್ಲಿ ಮಾರುವವರು ಕೊಳ್ಳುವವರಿಗೆ ಕೆಟ್ಟ ಫೀಡ್‌ಬ್ಯಾಕ್ ಕೊಡುವಂತಿಲ್ಲ. ಅವರು ನಿಮಗೆ ಕೊಡಬಹುದು. ಜೊತೆಗೆ ಇಬೇಯ ಕಮಿಷನ್ ಅಂಚೆ ಖರ್ಚೂ ಸೇರಿದ ಮೊತ್ತದ ಮೇಲೆ ಬೀಳುತ್ತದೆ. ಈ ಎರಡೂ ಅನ್ಯಾಯ ಎನ್ನಿಸಬಹುದು, ನನಗೂ ಎರಡನೆಯದು ಹಾಗೇ ಅನ್ನಿಸುತ್ತದೆ. ಬೆಲೆ ಹಾಕುವಾಗಲೇ ಲೆಕ್ಕ ಹಿಡಿದುಕೊಳ್ಳುವುದು ಬಿಟ್ಟರೆ ದಾರಿಯಿಲ್ಲ.

ಒಳ್ಳೆಯ ರಿವ್ಯೂ ತಾನಾಗಿ ಬರುವುದಿಲ್ಲ. ಖುಷಿಯಾದವರು ಸುಮ್ಮನಿರುತ್ತಾರೆ, ಬೇಜಾರಾದವರು ಬರೆಯುತ್ತಾರೆ. ಟ್ರ್ಯಾಕಿಂಗ್‌ನಲ್ಲಿ ತಲುಪಿದೆ ಎಂದು ಕಂಡ ಮಾರನೇ ದಿನ ಒಮ್ಮೆ ಕೇಳಿ:

"ಮೇಡಂ, ಪ್ಯಾಕೆಟ್ ತಲುಪಿದೆ ಅಂತ ತೋರಿಸ್ತಿದೆ. ಒಮ್ಮೆ ತೆರೆದು ನೋಡಿ. ಏನಾದರೂ ವ್ಯತ್ಯಾಸ ಇದ್ದರೆ ಮೊದಲು ನನಗೆ ಹೇಳಿ, ಸರಿಮಾಡೋಣ. ಎಲ್ಲ ಸರಿಯಿದ್ದರೆ ಗ್ರೂಪಿನಲ್ಲಿ ಎರಡು ಮಾತು ಬರೆದರೆ ಉಪಕಾರ."

ಒಂದೇ ಸಲ ಕೇಳಿ. ಮೂರು ಸಲ ಕೇಳಿದರೆ ಅದೇ ಒಂದು ದೂರಾಗುತ್ತದೆ.

ದೂರು ಬಂದರೆ ಮೊದಲು ಅದರ ಜಾತಿ ನೋಡಿ. ತಡವಾಗಿದ್ದರೆ ಟ್ರ್ಯಾಕಿಂಗ್ ಪುಟ ತೋರಿಸಿ, ಅಂಚೆ ಇಲಾಖೆಯ 1800 266 6868ಕ್ಕೆ ನೀವೇ ಕರೆ ಮಾಡಿ ದೂರು ಸಂಖ್ಯೆ ಪಡೆದು ಕೊಡಿ. "ನಿಮ್ಮ ಪೋಸ್ಟ್‌ಮ್ಯಾನ್‌ನ ಕೇಳಿ" ಎನ್ನಬೇಡಿ. ವಸ್ತು ವಿವರಣೆಯಂತೆ ಇಲ್ಲ ಎಂದರೆ ಫೋಟೋ ಕೇಳಿ, ನಿಮ್ಮ ಹಳೇ ಫೋಟೋ ಜೊತೆ ಹೋಲಿಸಿ. ನೂರೈವತ್ತು ರೂಪಾಯಿಯ ಸಾಮಾನಿಗೆ ವಾಪಸ್ ತರಿಸಿಕೊಳ್ಳುವ ಮಾತೇ ಬೇಡ. ಬರಲು ಐವತ್ತೈದು, ಮತ್ತೆ ಬೇರೆಯವರಿಗೆ ಕಳಿಸಲು ಐವತ್ತೈದು. ಐವತ್ತು ರೂಪಾಯಿ ಹಿಂದೆ ಕೊಟ್ಟು ವಸ್ತು ಅವರಿಗೇ ಬಿಡುವುದು ಲಾಭ. ದುಬಾರಿ ವಸ್ತುವಾದರೆ ಮಾತ್ರ ತರಿಸಿಕೊಳ್ಳಿ, ಕೈಗೆ ಬಂದು ನೋಡಿದ ಮೇಲೆ ದುಡ್ಡು ಹಾಕಿ.

ಕೆಟ್ಟ ರಿವ್ಯೂ ಬಿದ್ದೇಬಿಟ್ಟರೆ ಆ ರಾತ್ರಿ ಉತ್ತರ ಬರೆಯಬೇಡಿ. ಬೆಳಿಗ್ಗೆ ಮೂರು ಸಾಲು ಬರೆಯಿರಿ: ಯಾವತ್ತು ಕಳಿಸಿದಿರಿ, ಎಷ್ಟು ಅಂಚೆ ಕಟ್ಟಿದಿರಿ, ಏನು ಪರಿಹಾರ ಕೊಟ್ಟಿರಿ. ಅವರ ಫೋನ್ ನಂಬರ್, ವಿಳಾಸ ಇರುವ ರಸೀದಿಯನ್ನು ಸಾಕ್ಷಿ ಎಂದು ಹಾಕಬೇಡಿ, ಆ ಭಾಗ ಮುಚ್ಚಿ. ನಿಮ್ಮ ಉತ್ತರ ಓದುವುದು ಬರೆದವರಿಗಿಂತ ಮುಂದೆ ಕೊಳ್ಳಲಿರುವವರು. ಇನ್ನು, ಪ್ರತಿ ಸಲವೂ ಏನಾದರೊಂದು ಕೊರತೆ ಹೇಳಿ ಐವತ್ತು ರೂಪಾಯಿ ಕೀಳುವ ಕೆಲವರಿರುತ್ತಾರೆ. ಅವರಿಗೆ "ಸದ್ಯ ಸ್ಟಾಕ್ ಇಲ್ಲ ಸರ್" ಎಂದರೆ ಸಾಕು.

7. ಹೊರದೇಶಕ್ಕೆ

ಅಲ್ಲಿಂದ ಬೇಡಿಕೆ ಬಂದರೆ ನೂರು ವರ್ಷದ ಗೆರೆಯನ್ನು ಮತ್ತೊಮ್ಮೆ ನೋಡಿ. ಆಯಾ ದೇಶದ ಸುಂಕ ಯಾರು ಕಟ್ಟಬೇಕು ಎನ್ನುವುದನ್ನು ದುಡ್ಡು ತೆಗೆದುಕೊಳ್ಳುವ ಮುಂಚೆಯೇ ಬರೆದು ಒಪ್ಪಿಸಿಕೊಳ್ಳಿ. ಅಮೆರಿಕದ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಲ್ಲಿ ಸಣ್ಣ ಪಾರ್ಸೆಲ್‌ಗಳಿಗಿದ್ದ ಸುಂಕ ವಿನಾಯಿತಿ ತೆಗೆದ ಕಾರಣ 2025ರ ಆಗಸ್ಟ್ 25ರಿಂದ ಅಂಚೆ ಇಲಾಖೆ ಅಲ್ಲಿಗೆ ಬಹುತೇಕ ಸಾಮಾನು ತೆಗೆದುಕೊಳ್ಳುವುದನ್ನೇ ನಿಲ್ಲಿಸಿತ್ತು. ಅಕ್ಟೋಬರ್ 15ರಿಂದ ಮತ್ತೆ ಶುರುವಾಯಿತು, ಆದರೆ ಸುಂಕವನ್ನು ಇಲ್ಲೇ ಮೊದಲು ಕಟ್ಟಬೇಕಾಯಿತು. ನಡುವಿನ ಆ ದಿನಗಳಲ್ಲಿ ದುಡ್ಡು ಪಡೆದು ಕಳಿಸಲಾಗದೆ ಕೂತವರು ಕಡಿಮೆಯಿಲ್ಲ. ಹಾಗಾಗಿ ವಿದೇಶದ ಆರ್ಡರ್ ಒಪ್ಪುವ ದಿನವೇ ಪ್ರಧಾನ ಅಂಚೆ ಕಚೇರಿಗೆ ಹೋಗಿ, ಆ ದೇಶಕ್ಕೆ ಬುಕಿಂಗ್ ನಡೆಯುತ್ತಿದೆಯಾ, ಆ ತೂಕಕ್ಕೆ ಎಷ್ಟು, ಯಾವ ಫಾರಂ ತುಂಬಬೇಕು ಎಂದು ಕೇಳಿ ಬರೆದುಕೊಂಡು ಬನ್ನಿ. ಬೆಲೆ ಹೇಳುವುದು ಅದಾದ ಮೇಲೆ.